ಮೂರು ತಿಂಗಳ ನಾಯಿಮರಿ ಕಾಲು ಕಚ್ಚುತ್ತೆ, ಹೊಡೆಯದೆ ಕಲಿಸಿದವರು ಯಾರಾದ್ರೂ ಇದ್ದೀರಾ?

ಕತ್ರಿಗುಪ್ಪೆಯವಳು

ಎಲ್ಲರಿಗೂ ನಮಸ್ಕಾರ. ತಿಂಗಳಿಂದ ಇಲ್ಲಿ ಓದ್ತಾ ಇದೀನಿ, ಬರೀತಿರೋದು ಇದೇ ಮೊದಲು.

ನಮ್ಮ ಹಿಂದಿನ ರಸ್ತೆಯಲ್ಲಿ ಕಟ್ತಿರೋ ಬಿಲ್ಡಿಂಗಿನ ಮರಳು ರಾಶಿ ಪಕ್ಕ ಮಳೇಲಿ ನೆನೀತಾ ಸಿಕ್ಕ ಮರಿ. ನಾಟಿ, ಹೆಣ್ಣು, ಕಂದು ಬಣ್ಣ. ಬಾಲ ಸುರುಳಿ ಸುತ್ತಿಕೊಂಡಿರುತ್ತೆ ಅಂತ ಮಗ ಚಕ್ಲಿ ಅಂತ ಹೆಸರಿಟ್ಟ. ಈಗ ಸುಮಾರು ಮೂರು ತಿಂಗಳಿರಬಹುದು ಅಂತ ಡಾಕ್ಟ್ರು ಹೇಳಿದಾರೆ.

ತೊಂದರೆ ಏನಂದ್ರೆ ಕಚ್ಚೋದು. ನಮ್ಮತ್ತೆಗೆ 74 ವರ್ಷ. ಅವರು ಅಡುಗೆಮನೆಯಿಂದ ದೇವರ ಕೋಣೆ ಕಡೆ ಹೊರಟ್ರೆ ಸಾಕು, ಸೀರೆ ನೆರಿಗೆಗೆ ಹಾರ್ತಾಳೆ. ಮೊನ್ನೆ ಶುಕ್ರವಾರ ಆರತಿ ತಟ್ಟೆ ಕೈಯಲ್ಲಿತ್ತು, ಇವಳು ಹಿಮ್ಮಡಿ ಹಿಡಿದಳು, ರಕ್ತ ಬಂತು. ಅತ್ತೆ ಬಿದ್ದಿದ್ರೆ ಏನು ಗತಿ ಅಂತ ರಾತ್ರಿ ಪೂರ್ತಿ ನಿದ್ದೆ ಬರಲಿಲ್ಲ.

ಅದಕ್ಕೇ ಒಬ್ಬ ಟ್ರೇನರ್‌ನ ಮನೆಗೆ ಕರೆಸಿದ್ವಿ. ಬಂದವರೇ ಕಬ್ಬಿಣದ ಚೋಕ್ ಚೈನ್ (ಎಳೆದ್ರೆ ಕುತ್ತಿಗೆ ಬಿಗಿಯೋ ಸರಪಳಿ) ಹಾಕಿ ಜಗ್ಗಿದ್ರು, "ನೀವೇ ಬಾಸ್ ಅಂತ ಅದಕ್ಕೆ ಗೊತ್ತಾಗ್ಬೇಕು" ಅಂದ್ರು. ಚಕ್ಲಿ ಒಂದೇ ಸಲ ಕಿರುಚಿ ನಿಂತಲ್ಲೇ ಉಚ್ಚೆ ಹೊಯ್ಕೊಂಡ್ಳು. ಆವತ್ತಿಂದ ಗೇಟಿನ ಚಿಲಕ ಸದ್ದಾದ್ರೂ ಮಂಚದ ಕೆಳಗೆ ಓಡ್ತಾಳೆ. ಕಚ್ಚೋದು ಮಾತ್ರ ನಿಂತಿಲ್ಲ. ಮಾವ "ದಂಡಂ ದಶಗುಣಂ" ಅಂತಾರೆ, ಪೇಪರ್ ಸುತ್ತಿ ಇಟ್ಕೊಂಡಿದಾರೆ. ನನಗೆ ಹೊಡೆಯೋಕೆ ಮನಸ್ಸಿಲ್ಲ. ಆದ್ರೆ ಹೊಡೆಯದೆ ಕಲಿಯುತ್ತೆ ಅಂತ ಮನೆಯವರಿಗೆ ತೋರಿಸೋದು ಹೇಗೆ?

ಮೊಸರನ್ನ

ಹಾಲುಹಲ್ಲು ಸ್ವಾಮಿ. ಸೂಜಿ ಥರ 28 ಇರುತ್ತೆ. ನಾಲ್ಕರಿಂದ ಆರು ತಿಂಗಳೊಳಗೆ ಉದುರಿ 42 ದೊಡ್ಡ ಹಲ್ಲು ಬರುತ್ತೆ. ಒಸಡು ನವೆಯಾಗುತ್ತೆ, ಸಿಕ್ಕಿದ್ದನ್ನ ಕಡೀತಾವೆ.

ಹೆಬ್ಬಾಳ_ಪಶು

ಬೇರೆ ಮಾತು ಆಮೇಲೆ. ಅತ್ತೆಗೆ ರಕ್ತ ಬಂದಿದೆ ಅಂತ ಬರೆದಿದ್ದೀರಿ. ಗಾಯವನ್ನ ಸೋಪು ಹಾಕಿ ಹರಿಯೋ ನೀರಿನಲ್ಲಿ 15 ನಿಮಿಷ ತೊಳೆದ್ರಾ? ಆಸ್ಪತ್ರೆಗೆ ಹೋದ್ರಾ? ಬೀದಿಯಲ್ಲಿ ಸಿಕ್ಕ, ಇನ್ನೂ ರೇಬೀಸ್ ಲಸಿಕೆ ಆಗದ ಮರಿ. "ನಮ್ಮನೆ ಮರಿ ತಾನೆ" ಅಂತ ಬಿಡಬೇಡಿ. ನಾಳೆ ಬೆಳಗ್ಗೆ ಕರ್ಕೊಂಡು ಹೋಗಿ. ರೇಬೀಸ್ ಲಕ್ಷಣ ಕಾಣಿಸ್ಕೊಂಡ ಮೇಲೆ ಅದಕ್ಕೆ ಮದ್ದಿಲ್ಲ, ಮೊದಲೇ ಲಸಿಕೆ ತಗೊಂಡ್ರೆ ಪೂರ್ತಿ ತಡೀಬಹುದು.

ಕತ್ರಿಗುಪ್ಪೆಯವಳು

ತೊಳೆದ್ವಿ, ಅವತ್ತೇ ಆಸ್ಪತ್ರೆಗೂ ಹೋದ್ವಿ. ಮೊದಲ ಇಂಜೆಕ್ಷನ್ ಆಯ್ತು, ಮುಂದಿನವುಗಳ ತಾರೀಖು ಬರೆದುಕೊಟ್ಟಿದಾರೆ. ಕೇಳಿದ್ದಕ್ಕೆ ಥ್ಯಾಂಕ್ಸ್.

ಹಳೇ_ಹುಲಿ_ಹಾಸನ

ನಮ್ಮೂರಲ್ಲಿ ಮನೆಗೆ ಮೂರು ನಾಯಿ ಇರ್ತಿದ್ವು. ಯಾರೂ ಟ್ರೀಟು ಗೀಟು ಅಂತ ಕೊಟ್ಟಿದ್ದು ನಾನು ನೋಡಿಲ್ಲ. ಮುದ್ದೆ ಹಾಕ್ತಿದ್ರು, ತಪ್ಪು ಮಾಡಿದ್ರೆ ಒಂದು ಬಿಡ್ತಿದ್ರು. ತೋಟ ಕಾಯ್ತಿದ್ವು. ಈಗ ಬೆಂಗಳೂರಲ್ಲಿ ನಾಯಿಗೂ ಕೋಚಿಂಗ್ ಕ್ಲಾಸು. ಇದೆಲ್ಲ ಪರದೇಶದ ಶೋಕಿ. ನಾಯಿ ಬಾಲ ಡೊಂಕು ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ.

ನಾಟಿ_ಬಾಲ

ಎರಡು ಬೀದಿ ಮರಿ ಸಾಕಿ ದೊಡ್ಡವು ಮಾಡಿದೀನಿ, ವಿಜಯನಗರದಲ್ಲಿ, ಎರಡನೇ ಮಹಡಿ ಬಾಡಿಗೆ ಮನೆ. ನಮ್ಮಲ್ಲಿ ಏನಾಯ್ತು ಹೇಳ್ತೀನಿ.

ಸೀರೆ ನೆರಿಗೆ ಅಂದ್ರೆ ಮರಿ ಕಣ್ಣಿಗೆ ಓಡಾಡೋ ಇಲಿ. ಅತ್ತೆ ಹೆದರಿ ಸೀರೆ ಎಳ್ಕೊಂಡ್ರೆ ಅದು ಹಗ್ಗ ಜಗ್ಗಾಟ ಆಗುತ್ತೆ, "ಅಯ್ಯೋ ಬಿಡೇ" ಅಂತ ಕೂಗಿದ್ರೆ ಇನ್ನೂ ಖುಷಿ. ಅಂದ್ರೆ ಕಚ್ಚಿದಾಗೆಲ್ಲ ಆಟ ಸಿಗ್ತಾ ಇದೆ. ಯಾವುದರಿಂದ ಲಾಭ ಆಗುತ್ತೋ ಅದನ್ನ ಮರಿ ಮತ್ತೆ ಮಾಡುತ್ತೆ. ಆ ಲಾಭ ನಿಲ್ಲಿಸಿ, ನಿಮಗೆ ಬೇಕಾದ್ದು ಮಾಡಿದಾಗ ಲಾಭ ಕೊಡಿ.

ನಮ್ಮಮ್ಮನಿಗೆ ನಾನು ಹೇಳಿದ್ದು ಇಷ್ಟೇ. ಹಲ್ಲು ತಾಕಿದ ತಕ್ಷಣ ಕಂಬದ ಥರ ನಿಂತುಬಿಡು, ಮಾತಾಡಬೇಡ, ಕೆಳಗೆ ನೋಡಬೇಡ. ಮೊದಲ ದಿನ ಮರಿ ನೆರಿಗೆ ಹಿಡಿದು ಗುರ್ ಅಂತ ಎಳೀತು. ಅಮ್ಮ ಅಲ್ಲಾಡಲಿಲ್ಲ. ನಾಲ್ಕೈದು ಸೆಕೆಂಡ್ ಆದ್ಮೇಲೆ ಬಾಯಿ ಸಡಿಲ ಮಾಡಿ ತಲೆ ಎತ್ತಿ ಅವರ ಮುಖ ನೋಡ್ತು. ಆ ಕ್ಷಣಕ್ಕೆ ನಾನು "ಸೈ" ಅಂದು ಹಳೇ ಪಂಚೆ ಗಂಟು ಹಾಕಿದ್ದನ್ನ ಅದರ ಮುಂದೆ ಎಳೆದೆ. ಪಂಚೆ ಕಚ್ಚು, ಎಷ್ಟು ಬೇಕಾದ್ರೂ ಕಚ್ಚು. ದಿನಕ್ಕೆ ಹತ್ತು ಸಲ ಇದೇ. ಎರಡನೇ ವಾರಕ್ಕೆ ಅಮ್ಮ ಎದ್ದರೆ ಅದೇ ಹೋಗಿ ಪಂಚೆ ಹುಡುಕಿ ತರ್ತಿತ್ತು.

ಇನ್ನೊಂದು, ನಿದ್ದೆ. ಈ ವಯಸ್ಸಿನ ಮರಿಗೆ ದಿನಕ್ಕೆ ಹದಿನೆಂಟು ಗಂಟೆ ನಿದ್ದೆ ಬೇಕು. ಮನೇಲಿ ಮಕ್ಕಳು, ಟಿವಿ, ಬಂದವರೆಲ್ಲ ಎತ್ಕೊಳ್ಳೋದು ಅಂತ ನಿದ್ದೆ ಸಾಕಾಗದಿದ್ರೆ ಸಂಜೆ ಏಳಕ್ಕೆ ಹುಚ್ಚು ಹಿಡಿದ ಹಾಗೆ ಕಚ್ಚುತ್ತೆ. ನಿಮ್ಮವಳು ಯಾವ ಹೊತ್ತಲ್ಲಿ ಜಾಸ್ತಿ ಕಚ್ಚೋದು?

ಕತ್ರಿಗುಪ್ಪೆಯವಳು

ದೀಪ ಹಚ್ಚೋ ಹೊತ್ತಿಗೇ! ಏಳರಿಂದ ಎಂಟು. ಮಗ ನಾಲ್ಕಕ್ಕೆ ಸ್ಕೂಲಿಂದ ಬಂದಮೇಲೆ ಒಂದು ನಿಮಿಷ ಮಲಗೋಕೆ ಬಿಡಲ್ಲ. ಇದು ನನಗೆ ಹೊಳೆದೇ ಇರಲಿಲ್ಲ.

ಹಳೇ_ಹುಲಿ_ಹಾಸನ

ತಿಂಡಿ ತೋರ್ಸಿ ಮಾತು ಕೇಳಿಸೋದು ಲಂಚ ಅಲ್ವಾ? ತಿಂಡಿ ಇಲ್ಲದ ದಿನ ಏನ್ಮಾಡ್ತೀರಿ?

ನಾಟಿ_ಬಾಲ

ತೋರಿಸಿದ್ರೆ ಲಂಚವೇ, ಅದರಲ್ಲಿ ನಿಮ್ಮ ಮಾತು ಸರಿ. ಮೊದಲ ಎರಡು ದಿನ ಮೂಗಿನ ಮುಂದೆ ಹಿಡಿದು ದಾರಿ ತೋರಿಸಬಹುದು, ಆಮೇಲೆ ಕೈ ಖಾಲಿ ಇರಬೇಕು. ಮರಿ ಕೂತ್ಕೊಳ್ಳುತ್ತೆ, "ಸೈ" ಅಂತೀರಿ, ಆಮೇಲೆ ಜೇಬಿಂದ ಬರುತ್ತೆ. ಕೆಲಸ ಮೊದಲು, ಕೂಲಿ ಆಮೇಲೆ. ಪಾಠ ಗಟ್ಟಿಯಾದ ಮೇಲೆ ಪ್ರತಿ ಸಲ ಕೊಡೋದೂ ಬೇಡ, ಒಮ್ಮೆ ತಿಂಡಿ, ಒಮ್ಮೆ ಆಟ, ಒಮ್ಮೆ ಬರೀ ಕುತ್ತಿಗೆ ಕೆರೆಯೋದು. ಯಾವಾಗ ಬರುತ್ತೋ ಗೊತ್ತಿಲ್ಲದಿದ್ರೆ ಇನ್ನೂ ಹುರುಪಿಂದ ಮಾಡುತ್ತೆ. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ.

ತೋಟದ ನಾಯಿ ವಿಷಯ. ಅದಕ್ಕೆ ಹಗಲೆಲ್ಲ ತೋಟ ಇತ್ತು, ಓಡೋಕೆ ಜಾಗ, ಮೂಸೋಕೆ ಮಣ್ಣು. 600 ಚದರಡಿ ಮನೇಲಿ ಇರೋ ಮರಿಗೆ ನಾವೇ ಅದನ್ನೆಲ್ಲ ಒದಗಿಸಬೇಕು.

ಗೋಪುರದ_ನೆರಳು

ಪರದೇಶದ ಶೋಕಿ ಅಂದ್ರಲ್ಲ ಹಾಸನದವರು, ಒಂದು ಸಲ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಹೋಗಿ ಆತಕೂರು ಶಾಸನ ನೋಡಿ. ಮಂಡ್ಯ ಜಿಲ್ಲೆಯ ಕಲ್ಲು, ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರನಿಗೆ ಗಂಗರ ದೊರೆ ಬೂತುಗ "ಏನು ಬೇಕು ಕೇಳು" ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿ. ಕಾಳಿ ಕಾಡುಹಂದಿ ಜೊತೆ ಹೋರಾಡಿ ಎರಡೂ ಸತ್ತವು, ಅದರ ನೆನಪಿಗೆ ಕಲ್ಲು ನಿಲ್ಲಿಸಿದ್ರು. ಮೇಲ್ಭಾಗದಲ್ಲಿ ನಾಯಿ, ಹಂದಿ ಎದುರುಬದುರು ಕಾದಾಡೋದನ್ನ ಕೆತ್ತಿದಾರೆ. ನಾಯಿನ ಹೆಸರಿಟ್ಟು ಕರೆದು ಪ್ರೀತಿಸೋದು ನಮ್ಮ ನೆಲದಲ್ಲಿ ಸಾವಿರ ವರ್ಷದಿಂದ ಇದೆ.

ಹಳೇ_ಹುಲಿ_ಹಾಸನ

ಆ ಕಲ್ಲಿನ ವಿಷಯ ಗೊತ್ತಿರಲಿಲ್ಲ. ಮೊಮ್ಮಗಳನ್ನ ಕರ್ಕೊಂಡು ಹೋಗ್ತೀನಿ. ಆದ್ರೂ ಕಾಳಿಗೆ ಮಣಲೇರ ಪನೀರ್ ತಿನ್ನಿಸಿ ಕಲಿಸಿದ ಅಂತ ಶಾಸನದಲ್ಲಿ ಇಲ್ಲ ತಾನೆ?

ಜಯನಗರ_4ನೇ_ಬ್ಲಾಕ್

ನಾನು ಟ್ರೇನರ್ ಪರ. ನಾಯಿ ತೋಳದ ಜಾತಿ. ಗುಂಪಲ್ಲಿ ಒಂದು ಆಲ್ಫಾ, ಅಂದ್ರೆ ಯಜಮಾನ, ಇರುತ್ತೆ. ನೀವು ಆಲ್ಫಾ ಆಗದಿದ್ರೆ ಅದು ಆಗುತ್ತೆ. ಮೊದಲು ನೀವು ಊಟ ಮಾಡಿ, ಬಾಗಿಲಲ್ಲಿ ಮೊದಲು ನೀವು ಹೋಗಿ. ಸೋಫಾ ಮೇಲೆ ಹತ್ತಿಸಬೇಡಿ.

ಗೋಪುರದ_ನೆರಳು

ಆ ಆಲ್ಫಾ ಕಥೆ ಹುಟ್ಟಿದ್ದು ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಅಧ್ಯಯನದಿಂದ. ಅವರು ನೋಡಿದ್ದು ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನ. ಅದನ್ನ 1970ರ ಪುಸ್ತಕದಲ್ಲಿ ಜನಪ್ರಿಯ ಮಾಡಿದ ಡೇವಿಡ್ ಮೆಕ್ ಅವರೇ ಕಾಡಿನ ತೋಳಗಳನ್ನ ವರ್ಷಗಟ್ಟಲೆ ನೋಡಿ 1999ರಲ್ಲಿ ತಿದ್ದಿ ಬರೆದ್ರು. ಕಾಡಲ್ಲಿ ತೋಳದ ಗುಂಪು ಅಂದ್ರೆ ಅಪ್ಪ, ಅಮ್ಮ, ಮಕ್ಕಳು. ಒಂದು ಸಂಸಾರ. ಅಲ್ಲಿ ಯಾರೂ ಹೊಡೆದಾಡಿ ಯಜಮಾನಿಕೆ ಗೆಲ್ಲಲ್ಲ. ಅಮ್ಮನ ನೆರಿಗೆ ಹಿಡಿಯೋ ಮೂರು ತಿಂಗಳ ಕೂಸು ಮನೆ ಯಜಮಾನಿಕೆಗೆ ಸಂಚು ಹೂಡಿದೆ ಅಂತ ಹೇಗೆ ನಂಬ್ತೀರಿ?

ಜಯನಗರ_4ನೇ_ಬ್ಲಾಕ್

ನಮ್ಮ ಶೆಫರ್ಡ್ ಚೋಕ್ ಚೈನಲ್ಲೇ ಕಲಿತದ್ದು. ಒಂದು ದಿನವೂ ಎಳೆಯಲ್ಲ. ಫಲಿತಾಂಶ ಕಣ್ಮುಂದೆ ಇದೆ.

ಹೆಬ್ಬಾಳ_ಪಶು

ಎಳೆಯಲ್ಲ, ನಂಬ್ತೀನಿ. ನೋವು ಕೊಟ್ರೂ ನಾಯಿ ಕಲಿಯುತ್ತೆ. ಆದ್ರೆ ಅದರ ಜೊತೆ ಇನ್ನೇನು ಕಲೀತು ಅನ್ನೋದೇ ಪ್ರಶ್ನೆ. ಚಕ್ಲಿ ಕಲಿತದ್ದು ಏನು? ಚಿಲಕದ ಸದ್ದಾದ್ರೆ ಕುತ್ತಿಗೆ ನೋಯುತ್ತೆ ಅಂತ. ಎದುರಿಗೆ ಮಗು ಬರ್ತಿರೋವಾಗ ಚೈನ್ ಜಗ್ಗಿದ್ರೆ, ಮಗು ಕಂಡ್ರೆ ನೋವು ಅಂತ ಕಲಿಯೋ ನಾಯಿನೂ ಇದೆ. ಗುರ್ ಅಂದಿದ್ದಕ್ಕೆ ಹೊಡೆದು ಹೊಡೆದು ಗುರ್ ಅನ್ನೋದನ್ನೇ ಬಿಡಿಸಿದ ನಾಯಿ, ಆಮೇಲೆ ಎಚ್ಚರಿಕೆ ಕೊಡದೆ ಕಚ್ಚಿಬಿಡುತ್ತೆ. ಅಂಥ ಕೇಸು ನಮ್ಮ ಮೇಜಿಗೆ ಬಂದಾಗ ಹೊಟ್ಟೆ ಉರಿಯುತ್ತೆ. ಮೇಲಾಗಿ ಮರಿಯ ಶ್ವಾಸನಾಳ ಇನ್ನೂ ಮೆತ್ತಗಿರುತ್ತೆ. ಕುತ್ತಿಗೆಗೆ ಚೈನು ಬೇಡ, ಎದೆಗೆ ಹಾಕೋ ಹಾರ್ನೆಸ್ ತಗೊಳ್ಳಿ.

ಧಾರವಾಡ_ಫೇಡೆ

ನಮ್ಮನ್ಯಾಗಿನ ಕಥಿ ಕೇಳ್ರಿ. ನಾನು "ಕುಂದ್ರು" ಅಂತೀನಿ, ನಮ್ಮಾಕಿ ಬೆಂಗಳೂರಾಕಿ "ಕೂತ್ಕೋ" ಅಂತಾಳ, ಮಗಳು "ಸಿಟ್" ಅಂತಾಳ. ನಾಯಿ ಮೂರೂ ಮಂದಿ ಮುಖ ನೋಡಿ ನಿಂತೇ ಇರ್ತಿತ್ತು. ಎಲ್ಲಾರೂ ಕೂಡಿ ಒಂದ ಶಬ್ದ ಅಂತ ಮಾಡಿದ್ವಿ, ನಾಕು ದಿನದಾಗ ಕಲೀತು. ಫ್ರಿಜ್ ಮ್ಯಾಲ ಚೀಟಿ ಅಂಟಿಸ್ರಿ.

ಮೊಸರನ್ನ

ಇದು ಬಹಳ ಮುಖ್ಯ. ಕನ್ನಡದಲ್ಲಿ ಇನ್ನೊಂದು ತೊಡಕು: ಬಾ, ಬೇಡ, ಬಿಡು ಮೂರೂ ಒಂದೇ ಅಕ್ಷರದಿಂದ ಶುರು. ನಾವು "ಬೇಡ" ಅನ್ನೋದನ್ನೇ ತೆಗೆದುಹಾಕಿದ್ವಿ. ಬಾ ಅಂದ್ರೆ ಬರೋದು, "ಕೊಡು" ಅಂದ್ರೆ ಬಾಯಲ್ಲಿರೋದನ್ನ ಬಿಡೋದು. ಕೊಟ್ಟಾಗೆಲ್ಲ ಅದಕ್ಕಿಂತ ಒಳ್ಳೇದು ಸಿಗುತ್ತೆ. ಈಗ ಚಪ್ಪಲಿ ಕಚ್ಕೊಂಡ್ರೆ ಅವನೇ ತಂದು ಕೊಡ್ತಾನೆ. ಇನ್ನೊಂದು ಮಾತು, ಬೈಯೋಕೆ, ಸ್ನಾನ ಮಾಡ್ಸೋಕೆ, ಉಗುರು ಕತ್ತರಿಸೋಕೆ ಯಾವತ್ತೂ "ಬಾ" ಅಂತ ಕರೀಬೇಡಿ. ಆ ಪದ ಕೆಟ್ಟೋದ್ರೆ ರಸ್ತೆಯಲ್ಲಿ ಕರೆದಾಗ ತಿರುಗಿ ನೋಡಲ್ಲ. ಬೇಕಾದ್ರೆ ನೀವೇ ಅದರ ಹತ್ರ ಹೋಗಿ.

ಮುಧೋಳ_ಓಟ

ನಮ್ಮ ಮುಧೋಳಕ್ಕೆ ಈ "ಬಾ" ಕಲಿಸೋಕೆ ಎಂಟು ತಿಂಗಳು ಬೇಕಾಯ್ತು. ಕಣ್ಣಿಗೆ ಬಿದ್ದದ್ದನ್ನ ಬೆನ್ನಟ್ಟೋ ತಳಿ, ಅಳಿಲು ಕಂಡ್ರೆ ಕಿವಿ ಮುಚ್ಚಿಹೋಗುತ್ತೆ. ಹತ್ತು ಮೀಟರ್ ಹಗ್ಗ ಕಟ್ಟಿ ತಾರಸಿ ಮೇಲೆ ಶುರು ಮಾಡಿದೆ. ಬಾಗಲಕೋಟೆ ಕಡೆಯವರು ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರ ನೋಡಿರ್ತೀರಿ. ಸೈನ್ಯದವರೂ ಇದೇ ತಳಿಯನ್ನ ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿದಾರೆ.

ಲಾಲ್‌ಬಾಗ್_ನಡಿಗೆ

ನಮ್ಮನೆ ಸಸ್ಯಾಹಾರಿ. ಚಿಕನ್ ಒಳಗೆ ತರೋ ಹಾಗಿಲ್ಲ. ನಾನು ಒಣದ್ರಾಕ್ಷಿ ಕೊಟ್ಟು ಕಲಿಸ್ತಿದೀನಿ, ಚೆನ್ನಾಗೇ ಕಲೀತಿದೆ.

ಹೆಬ್ಬಾಳ_ಪಶು

ದಯವಿಟ್ಟು ಈಗಲೇ ನಿಲ್ಲಿಸಿ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗಳ ಕಿಡ್ನಿ ಹಾಳು ಮಾಡಬಹುದು, ಇಷ್ಟು ತಿಂದ್ರೆ ಪರವಾಗಿಲ್ಲ ಅನ್ನೋ ಲೆಕ್ಕ ಇಲ್ಲ. ವಾಂತಿ, ಮಂಕು ಏನಾದ್ರೂ ಇದೆಯಾ? ಇವತ್ತೇ ನಿಮ್ಮ ಡಾಕ್ಟ್ರಿಗೆ ಫೋನ್ ಮಾಡಿ. ಚಾಕಲೇಟ್, ಈರುಳ್ಳಿ, ಬೆಳ್ಳುಳ್ಳಿ ಕೂಡ ಬೇಡ. ಜೈಲಿಟಾಲ್ ಅನ್ನೋ ಸಕ್ಕರೆ ಬದಲಿ ಇರೋ ಯಾವುದೂ ಬೇಡ, ಕೆಲವು ಪೀನಟ್ ಬಟರ್‌ನಲ್ಲಿ ಇರುತ್ತೆ, ಡಬ್ಬಿ ಹಿಂದೆ ಓದಿ.

ಪನೀರ್, ಬೇಯಿಸಿದ ಗೆಣಸು, ಕ್ಯಾರೆಟ್, ಹುರುಳಿಕಾಯಿ ಕೊಡಿ. ಕಡ್ಲೆಬೇಳೆಯಷ್ಟು ಚೂರು ಸಾಕು. ದಿನದ ಆಹಾರದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಿಂಡಿ ಆಗಬಾರದು.

ಲಾಲ್‌ಬಾಗ್_ನಡಿಗೆ

ಕೈ ನಡುಗ್ತಿದೆ. ಫೋನ್ ಮಾಡಿದೆ, ರಕ್ತ ಪರೀಕ್ಷೆಗೆ ಕರ್ಕೊಂಡು ಬನ್ನಿ ಅಂದ್ರು. ಹೊರಟೆ.

ರಾಗಿ_ಅಂಬಲಿ

ಮರಿಗೆ ರಾಗಿ ಗಂಜಿ ಕೊಡಬಹುದಾ? ನಮ್ಮಜ್ಜಿ ರಾಗಿ ಬಿಟ್ಟು ಬೇರೆ ಏನೂ ಹಾಕ್ತಿರಲಿಲ್ಲ.

ಹೆಬ್ಬಾಳ_ಪಶು

ಜೊತೆಗೆ ಕೊಡಿ, ಅದೊಂದೇ ಬೇಡ. ಬೆಳೆಯೋ ಮರಿಗೆ ಪ್ರೋಟೀನ್ ಬೇಕು. ಬೇಯಿಸಿದ ಮೂಳೆ ಮಾತ್ರ ಹಾಕಲೇಬೇಡಿ, ಸಿಗಿದು ಹೊಟ್ಟೆಗೆ ಚುಚ್ಚುತ್ತೆ.

ಮೂರನೇ_ಮಹಡಿ

ತಾವೆಲ್ಲ ಒಳಗಿನ ಕಥೆ ಹೇಳ್ತಿದೀರಿ. ನಮ್ಮ ಅಪಾರ್ಟ್‌ಮೆಂಟಲ್ಲಿ ಲಿಫ್ಟಿಗೇ ಬಿಡ್ತಿಲ್ಲ. ಮರಿಯನ್ನ ಪ್ರತಿ ಎರಡು ಗಂಟೆಗೆ ಮೂರು ಮಹಡಿ ಇಳಿಸಿ ಹತ್ತಿಸಿ ಟಾಯ್ಲೆಟ್ ಕಲಿಸೋದು ಹೇಗೆ?

ಗೋಪುರದ_ನೆರಳು

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಿಂಟ್ ತೆಗೆದು ಸಂಘಕ್ಕೆ ಕೊಡಿ. ನಾಯಿ ಸಾಕೋದನ್ನ ನಿಷೇಧಿಸೋ ಹಾಗಿಲ್ಲ, ಲಿಫ್ಟ್ ಬೇಡ ಅನ್ನೋ ಹಾಗೂ ಇಲ್ಲ ಅಂತ ಅದರಲ್ಲಿದೆ. ಜೊತೆಗೆ ನೀವೂ ಚೀಲ ಹಿಡಿದು ಕಕ್ಕ ಎತ್ತಿ, ಅದು ಜಗಳ ಅರ್ಧ ಕಡಿಮೆ ಮಾಡುತ್ತೆ.

ನಾಟಿ_ಬಾಲ

ಟಾಯ್ಲೆಟ್‌ಗೆ ಅಂದಾಜು ಲೆಕ್ಕ: ಎಷ್ಟು ತಿಂಗಳೋ ಅಷ್ಟು ಗಂಟೆ ತಡ್ಕೊಳ್ಳುತ್ತೆ, ಅದಕ್ಕಿಂತ ಮೊದಲೇ ಕರ್ಕೊಂಡು ಹೋಗಿ. ನಿದ್ದೆಯಿಂದ ಎದ್ದಾಗ, ಊಟ ಆದ ಕೂಡಲೇ, ಆಟ ಆದ ಕೂಡಲೇ. ಸರಿಯಾದ ಜಾಗದಲ್ಲಿ ಮುಗಿಸಿದ ಕ್ಷಣಕ್ಕೆ ಅಲ್ಲೇ ತಿಂಡಿ, ಮನೆಗೆ ಬಂದ ಮೇಲೆ ಅಲ್ಲ. ಮನೆಯೊಳಗೆ ಮಾಡಿದ್ರೆ ಮೂಗು ಒತ್ತಿ ಉಜ್ಜೋದು ಬೇಡ, ನಿಮಗೆ ಕಾಣದ ಹಾಗೆ ಸೋಫಾ ಹಿಂದೆ ಮಾಡೋದನ್ನ ಕಲಿಯುತ್ತೆ ಅಷ್ಟೇ. ಫಿನಾಯಿಲೂ ಬೇಡ, ಪಾದ ನೆಕ್ಕೋ ಮರಿಗೆ ವಿಷ.

ಜಯನಗರ_4ನೇ_ಬ್ಲಾಕ್

ಎಲ್ಲಾ ಲಸಿಕೆ ಮುಗಿಯೋವರೆಗೆ ಹೊರಗೆ ಕಾಲಿಡಿಸಬಾರದು. ಅದಾದ್ರೂ ಒಪ್ತೀರಾ?

ಹೆಬ್ಬಾಳ_ಪಶು

ಅರ್ಧ ಒಪ್ತೀನಿ. ಪಾರ್ವೋ ಅನ್ನೋ ಅಂಟುರೋಗ ನಮ್ಮೂರಲ್ಲಿ ಮರಿಗಳನ್ನ ಬಲಿ ತಗೊಳ್ತಾನೇ ಇದೆ, ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಹಂಗಾಗಿ ಬೇರೆ ನಾಯಿ ಓಡಾಡೋ ನೆಲ, ಪಾರ್ಕು ಈಗ ಬೇಡ. ಆರೆಂಟು ವಾರಕ್ಕೆ ಶುರುವಾಗೋ ಲಸಿಕೆ ಸರಣಿ 16 ವಾರದ ತನಕ ಇರುತ್ತೆ, ರೇಬೀಸ್ ಮೂರು ತಿಂಗಳಿಗೆ. ಆದ್ರೆ ಹೊಸದಕ್ಕೆ ಹೆದರದೆ ಒಗ್ಗಿಕೊಳ್ಳೋ ವಯಸ್ಸು ಹೆಚ್ಚುಕಡಿಮೆ ಮೂರರಿಂದ ಹದಿನಾಲ್ಕನೇ ವಾರ. ಕೋಣೆಯಲ್ಲೇ ಇಟ್ರೆ ಆ ಹೊತ್ತು ಕಳೆದುಹೋಗುತ್ತೆ. ಎತ್ಕೊಂಡು ಹೋಗಿ. ಗಾಂಧಿ ಬಜಾರ್ ಮೂಲೆಯಲ್ಲಿ ತೋಳಲ್ಲಿ ಇಟ್ಕೊಂಡು ಹತ್ತು ನಿಮಿಷ ನಿಲ್ಲಿ. ಆಟೋ, ಬಸ್ಸು, ಹೆಲ್ಮೆಟ್ ಹಾಕಿದವರು, ಛತ್ರಿ ಹಿಡಿದವರು, ಹೂವಿನವರ ಕೂಗು. ಹೆದರಿದ್ರೆ ಹಿಂದೆ ಸರೀರಿ, ಕುತೂಹಲದಿಂದ ನೋಡಿದ್ರೆ ಒಂದು ಚೂರು ಪನೀರ್.

ರಾಗಿ_ಅಂಬಲಿ

ದೀಪಾವಳಿಗೆ ಈಗಿಂದಲೇ ತಯಾರಿ ಮಾಡಿ. ಮೊಬೈಲಲ್ಲಿ ಪಟಾಕಿ ಸದ್ದು ಕೇಳಿಸೀ ಕೇಳಿಸದ ಹಾಗೆ ಹಾಕಿ ಊಟ ಕೊಡೋದು, ವಾರ ವಾರ ಸ್ವಲ್ಪ ಜಾಸ್ತಿ. ನಮ್ಮವಳು ಕುಕ್ಕರ್ ಸೀಟಿಗೆ ಹೆದರ್ತಿದ್ಲು. ಪ್ರತಿ ಸೀಟಿಗೂ ಒಂದು ಚೂರು ಗೆಣಸು ಕೊಟ್ವಿ. ಈಗ ಬೇಳೆ ಬೇಯಿಸೋಕೆ ಇಟ್ರೆ ಅಡುಗೆಮನೆ ಹೊಸ್ತಿಲಲ್ಲಿ ಕೂತು ಸೀಟಿಗೆ ಕಾಯ್ತಾಳೆ.

ಲಾಲ್‌ಬಾಗ್_ನಡಿಗೆ

ರಿಪೋರ್ಟ್ ಬಂತು, ಕಿಡ್ನಿ ಸರಿ ಇದೆ. ಎರಡು ದಿನ ಬಿಟ್ಟು ಮತ್ತೆ ತೋರಿಸಬೇಕು. ಹೆಬ್ಬಾಳದವರಿಗೆ ಎಷ್ಟು ಹೇಳಿದ್ರೂ ಸಾಲದು.

ಕತ್ರಿಗುಪ್ಪೆಯವಳು

ಮೂರು ವಾರ ಆಯ್ತು, ಬರೀಬೇಕು ಅನ್ನಿಸ್ತು.

ಟ್ರೇನರ್‌ಗೆ ಬರಬೇಡಿ ಅಂದ್ವಿ. ಮಧ್ಯಾಹ್ನ ಎರಡರಿಂದ ನಾಲ್ಕು, ಮತ್ತೆ ಐದೂವರೆಯಿಂದ ಏಳು, ಚಕ್ಲಿ ನಮ್ಮ ರೂಮಲ್ಲಿ ಕರ್ಟನ್ ಎಳೆದು ಮಲಗೋ ಹೊತ್ತು, ಮಗನೂ ಮುಟ್ಟಲ್ಲ. ಇದೊಂದರಿಂದಲೇ ಸಂಜೆ ಕಚ್ಚೋದು ಅರ್ಧ ಕಮ್ಮಿ ಆಯ್ತು, ನಿಜವಾಗ್ಲೂ. ಒದ್ದೆ ಬಟ್ಟೆ ಗಂಟು ಹಾಕಿ ಫ್ರೀಜರಲ್ಲಿಟ್ಟು ಕೊಡ್ತೀವಿ, ಗಂಟೆಗಟ್ಟಲೆ ಚೀಪ್ತಾಳೆ.

ಅತ್ತೆಗೆ ಕಂಬದ ಥರ ನಿಲ್ಲೋದು ಕಷ್ಟ ಆಯ್ತು, ಭಯ ಅವರಿಗೆ. ಹಂಗಾಗಿ ಮೊದಲ ವಾರ ಮಧ್ಯೆ ಒಂದು ಹಲಗೆ ಅಡ್ಡ ಇಟ್ವಿ. ಹಲಗೆ ಆ ಕಡೆ ಅತ್ತೆ ನಡೀತಾರೆ, ಈ ಕಡೆ ಚಕ್ಲಿ ನಾಲ್ಕೂ ಕಾಲು ನೆಲದ ಮೇಲಿಟ್ಟು ನೋಡಿದ್ರೆ ಅತ್ತೆಯೇ "ಸೈ" ಅಂದು ಪನೀರ್ ಹಾಕ್ತಾರೆ. ತಿಂಡಿ ಅವರ ಕೈಯಿಂದಲೇ ಬರಬೇಕು ಅಂತ ಇಟ್ಟಿದ್ದು ನಮ್ಮೆಜಮಾನ್ರ ಯೋಚನೆ. ಈಗ ಪನೀರ್ ಡಬ್ಬಿ ದೇವರ ಕೋಣೆ ಕಿಟಕಿ ಕಟ್ಟೆ ಮೇಲಿದೆ. ಕಳೆದ ಶುಕ್ರವಾರ ಹಲಗೆ ತೆಗೆದು ನೋಡಿದ್ವಿ, ನಾನು ಹಾರ್ನೆಸ್ ಹಿಡಿದು ಪಕ್ಕದಲ್ಲೇ ಇದ್ದೆ. ಅತ್ತೆ ಆರತಿ ತಟ್ಟೆ ಹಿಡಿದು ಬಂದ್ರು. ಚಕ್ಲಿ ಮೈ ಒಂದು ಸಲ ಮುಂದಕ್ಕೆ ವಾಲಿತು, ಕಿವಿ ಎರಡೂ ನಿಂತ್ಕೊಂಡ್ವು, ನೆರಿಗೆ ನೋಡಿದ್ಲು, ಆಮೇಲೆ ಅತ್ತೆ ಮುಖ ನೋಡಿದ್ಲು. ಕೂತ್ಲು. ನಾವ್ಯಾರೂ ಕೂತ್ಕೋ ಅಂದಿರಲಿಲ್ಲ. ಮಾವ ಪೇಪರ್ ಬಿಚ್ಚಿ ಓದೋಕೆ ಶುರು ಮಾಡಿದಾರೆ.

ಒಂದು ಮಾತ್ರ ಹೋಗಿಲ್ಲ. ಗೇಟಿನ ಚಿಲಕ. ಹಾಲಿನವರು ಬಂದ್ರೆ ಈಗಲೂ ಮಂಚದ ಹತ್ರ ಓಡ್ತಾಳೆ, ಆದ್ರೆ ಕೆಳಗೆ ನುಗ್ಗಲ್ಲ, ಅಂಚಲ್ಲಿ ನಿಂತು ತಿರುಗಿ ನೋಡ್ತಾಳೆ. ಇದಕ್ಕೆ ಏನು ಮಾಡ್ಲಿ?

ಹೆಬ್ಬಾಳ_ಪಶು

ಕುಕ್ಕರ್ ಸೀಟಿಗೆ ಮಾಡಿದ ಹಾಗೇ. ಒಬ್ಬರು ಹೊರಗೆ ನಿಂತು ಚಿಲಕವನ್ನ ಮೆಲ್ಲಗೆ ಒಂದೇ ಸಲ ಅಲ್ಲಾಡಿಸಲಿ, ಒಳಗೆ ನೀವು ತಕ್ಷಣ ಪನೀರ್ ಕೊಡಿ. ದಿನಕ್ಕೆ ಐದು ಸಲಕ್ಕಿಂತ ಹೆಚ್ಚು ಬೇಡ. ಓಡಿದ್ರೆ ಸದ್ದು ಜಾಸ್ತಿ ಆಯ್ತು ಅಂತ ಅರ್ಥ, ಇನ್ನೂ ಮೆತ್ತಗೆ ಮಾಡಿ. ನೋವಿಂದ ಬಂದ ಭಯ, ತಿಂಗಳುಗಟ್ಟಲೆ ಹಿಡೀಬಹುದು.

ಹಳೇ_ಹುಲಿ_ಹಾಸನ

ಮೊದಲು ಆ ಚಿಲಕಕ್ಕೆ ಎರಡು ಹನಿ ಎಣ್ಣೆ ಬಿಡಿಯಮ್ಮ. ಆಮೇಲೆ ಪನೀರ್ ಕೊಡಿ.